ಚಾರ್ಟ್ ಮುಟ್ಟದ ಬೆಲೆಗೆ ಸ್ಟಾಪ್ ಹಾರುವುದು ಯಾವ ಏರಿಳಿತ?

ಮಾನ್ಯ ಸಂಪಾದಕರೇ,

ಬುಧವಾರದ ಡಾಲರ್-ರ‍್ಯಾಂಡ್ (ದಕ್ಷಿಣ ಆಫ್ರಿಕಾದ ನಾಣ್ಯ) ಗಲಾಟೆಯ ಬಗ್ಗೆ ನಿಮ್ಮ ವಾಣಿಜ್ಯ ಪುಟದ ವರದಿ ಓದಿದೆ. ‘ಮಾರುಕಟ್ಟೆಯ ಏರಿಳಿತದಿಂದ ಸಣ್ಣ ವಹಿವಾಟುದಾರರಿಗೆ ನಷ್ಟ’ವಂತೆ. ಯಾವ ಏರಿಳಿತ ಸ್ವಾಮಿ? ಹಿಗ್ಗಿದ್ದು ಸ್ಪ್ರೆಡ್, ಅಂದರೆ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ; ಬೆಲೆಯಲ್ಲ.

18.35ಕ್ಕೆ ಒಂದು ಮಿನಿ ಲಾಟ್, ಅಂದರೆ 10,000 ಡಾಲರ್ ಮಾರಿ, ಬೆಲೆ 18.50 ಮುಟ್ಟಿದರೆ ಸೌದಾ ತಾನೇ ಮುಚ್ಚಲಿ ಎಂದು ಸ್ಟಾಪ್ ಇಟ್ಟಿದ್ದೆ. ಚಾರ್ಟ್ ಏರಿದ್ದು 18.43ರವರೆಗೆ. ಸೌದಾ ಮುಚ್ಚಿದ್ದು 18.52ಕ್ಕೆ! ಚಾರ್ಟಿನಲ್ಲಿ ಕಾಣುವುದು ಬಿಡ್ ದರ (ನಾವು ಮಾರುವಾಗ ಸಿಗುವ ದರ), ಮಾರಿದವನ ಸ್ಟಾಪ್ ಹಾರುವುದು ಆಸ್ಕ್ ದರಕ್ಕೆ (ಮರಳಿ ಕೊಳ್ಳುವಾಗ ಕೊಡುವ ದರ). ಹಗಲೆಲ್ಲ ಇವೆರಡರ ನಡುವೆ ಇದ್ದದ್ದು 0.01. ನ್ಯೂಯಾರ್ಕಿನ ಸಂಜೆ 5ರ, ಸೌದಾ ಮರುದಿನಕ್ಕೆ ದಾಟುವ, ರೋಲ್‌ಓವರ್ ಹತ್ತಿರವಾದಂತೆ ಅದು 0.09 ಆಯಿತು. ಬ್ಯಾಂಕುಗಳು ದಿನದ ಲೆಕ್ಕ ಮುಗಿಸಿ ದರ ಕೊಡುವುದನ್ನೇ ಕಡಿಮೆ ಮಾಡುವ ಗಳಿಗೆ ಅದು. ಯೂರೋ-ಡಾಲರ್ ಹೇಗೋ ತಡೆದುಕೊಳ್ಳುತ್ತದೆ. ಡಾಲರ್-ರ‍್ಯಾಂಡ್‌ನಂಥ ಎಕ್ಸಾಟಿಕ್ ಜೋಡಿಗಳಿಗೆ ಗಿರಾಕಿಗಳೇ ವಿರಳ.

1,500 ರ‍್ಯಾಂಡ್ ಎಂದುಕೊಂಡಿದ್ದ ನಷ್ಟ 1,700 ಆಯಿತು. ಅದೂ ಹೋಗಲಿ, 5ಕ್ಕೆ ಎರಡು ನಿಮಿಷ ಮೊದಲೇ ಸೌದಾ ಮುಚ್ಚಿದ್ದರಿಂದ ಬುಧವಾರ ಒಟ್ಟಿಗೆ ಸಿಗಬೇಕಿದ್ದ ಮೂರು ದಿನದ ಸ್ವಾಪ್ ಬಡ್ಡಿಯೂ (ಸೌದಾ ರಾತ್ರಿ ದಾಟಿದರೆ ಸಿಗುವ ಬಡ್ಡಿ) ಹೋಯಿತು. ಆ ಬಡ್ಡಿಗಾಗಿಯೇ ಸೌದಾ ಇಟ್ಟುಕೊಂಡಿದ್ದೆ. ಬ್ರೋಕರ್ ಕಂಪನಿಯ ಚಾಟ್‌ನಲ್ಲಿ ನಲವತ್ತು ನಿಮಿಷ ಕಾದ ಮೇಲೆ ಬಂದ ಉತ್ತರ: ‘ನಿಯಮಾವಳಿ ಓದಿ.’ ಓದಿದೆ. ‘ಸ್ಪ್ರೆಡ್ ಬದಲಾಗಬಹುದು’ ಎಂದಿದೆ. ಎಷ್ಟು ಬದಲಾಗಬಹುದು ಎಂಬ ಸಾಲು ಮುದ್ರಿಸಲು ಶಾಯಿ ಸಾಲಲಿಲ್ಲವೇನೋ.

ನಿಮ್ಮ ವರದಿಗಾರರಿಗೂ ಒಂದು ಮಾತು. ‘900 ಪಿಪ್ ಸ್ಪ್ರೆಡ್’ (ಇಲ್ಲಿ ಒಂದು ಪಿಪ್ ಎಂದರೆ ದರದಲ್ಲಿ 0.0001) ಎಂದು ದಪ್ಪಕ್ಷರದಲ್ಲಿ ಹಾಕಿದರೆ ಯಾರಿಗೇನು ತಿಳಿಯುತ್ತದೆ? ಡಾಲರ್-ರ‍್ಯಾಂಡ್‌ನ ಒಂದು ಪಿಪ್‌ಗೂ ಯೂರೋ-ಡಾಲರ್‌ನ ಒಂದು ಪಿಪ್‌ಗೂ ಬೆಲೆ ಬೇರೆ. ಸ್ಪ್ರೆಡ್ಡನ್ನು ದರದಿಂದ ಭಾಗಿಸಿ ನೋಡಬೇಕು. 0.09 ಎಂದರೆ ಹತ್ತಿರ ಹತ್ತಿರ ಶೇ 0.5. ಇಪ್ಪತ್ತು ಪಟ್ಟು ಲಿವರೇಜ್ ಇದ್ದವನಿಗೆ, ಅಂದರೆ ಮಾರ್ಜಿನ್ ಆಗಿ ಇಟ್ಟ ಹಣದ ಇಪ್ಪತ್ತು ಪಟ್ಟು ಸೌದಾ ಮಾಡಿದವನಿಗೆ, ಬೆಲೆ ಅಲುಗಾಡುವ ಮೊದಲೇ ಮಾರ್ಜಿನ್‌ನಲ್ಲಿ ಶೇ 10 ಮಾಯ.

ಈ ಇಪ್ಪತ್ತು ಪಟ್ಟಿನ ಕಥೆಯೂ ಚೆನ್ನಾಗಿದೆ. 2018ರಲ್ಲಿ ಯುರೋಪಿನ ನಿಯಂತ್ರಕ ಸಂಸ್ಥೆ ಎಸ್ಮಾ ಪ್ರಮುಖ ಜೋಡಿಗಳಿಗೆ 30, ಉಳಿದ ಜೋಡಿಗಳಿಗೆ 20 ಎಂದು ಮಿತಿ ಹಾಕಿತು. ಆ ‘ಉಳಿದ’ದರಲ್ಲಿ ಆಸ್ಟ್ರೇಲಿಯಾ ಡಾಲರ್ ಇದೆ, ಟರ್ಕಿಯ ಲಿರಾವೂ ಇದೆ. ಕುದುರೆ ಕತ್ತೆ ಎರಡಕ್ಕೂ ಒಂದೇ ಲಗಾಮು! ಕೇಂದ್ರ ಬ್ಯಾಂಕುಗಳನ್ನು ನಡೆಸುವ ದೊರೆಗಳಂತೂ ಕೇಳಲೇಬೇಡಿ. 2021ರ ಮಾರ್ಚ್‌ನಲ್ಲಿ ಬಡ್ಡಿದರವನ್ನು ಶೇ 19ಕ್ಕೆ ಏರಿಸಿದ ಎರಡೇ ದಿನಕ್ಕೆ ಟರ್ಕಿಯ ಗವರ್ನರ್ ನಾಜಿ ಆಬಾಲ್ ಅವರನ್ನು ಕಿತ್ತರು, ಅದೂ ವಾರಾಂತ್ಯದಲ್ಲಿ, ಮಾರುಕಟ್ಟೆಗೆ ಬಾಗಿಲು ಹಾಕಿದ್ದಾಗ. ವಾರ ಶುರುವಾಗುತ್ತಲೇ ಲಿರಾ ಒಂದು ಹಂತದಲ್ಲಿ ಶೇ 15ರಷ್ಟು ಕುಸಿಯಿತು. ಇಂಥ ಗ್ಯಾಪ್‌ನಲ್ಲಿ ಸ್ಟಾಪ್ ಎಲ್ಲಿಟ್ಟರೇನು, ತೆರೆದ ಬೆಲೆಗೇ ಮುಚ್ಚುತ್ತದೆ. 2024ರ ಮಾರ್ಚ್ 6ರಂದು ಈಜಿಪ್ಟ್ ಪೌಂಡನ್ನು ಸಡಿಲ ಬಿಟ್ಟಾಗ ಡಾಲರ್ 31ರ ಆಸುಪಾಸಿನಿಂದ ಒಂದೇ ದಿನದಲ್ಲಿ 50ರ ಹತ್ತಿರ ಹೋಯಿತು. ಆಗಲೂ ಪತ್ರಿಕೆಗಳಲ್ಲಿ ಇದೇ ‘ಏರಿಳಿತ’.

ರೋಲ್‌ಓವರ್ ಹೊತ್ತಿನ ಸ್ಪ್ರೆಡ್‌ಗೆ ನಿಯಂತ್ರಕರು ಮಿತಿ ಹಾಕಲಿ. ಇಲ್ಲವೇ ಈ ಜೋಡಿಗಳನ್ನು ಸಣ್ಣ ಖಾತೆಗಳಿಂದ ತೆಗೆದೇ ಹಾಕಲಿ. ಎರಡೂ ಆಗದಿದ್ದರೆ ಚಾರ್ಟಿನಲ್ಲಿ ಆಸ್ಕ್ ಗೆರೆಯನ್ನಾದರೂ ಮೊದಲಿನಿಂದಲೇ ತೋರಿಸಲಿ. ಅಧಿಕಾರಿಗಳಿಗೆ ಸಂಬಳ ಕೊಡುವುದು ಮತ್ತೇತಕ್ಕೆ?

– ನೊಂದ ಓದುಗ