ಗೆಳತಿಯ ಮಗನ ಹೆಸರಿನ ವಿಷಯ

ಉಡುಪಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು, ಅದಕ್ಕೆ ಬರೆಯುತ್ತಿದ್ದೇನೆ. ಮಂಗಳೂರಿನ ನಿನ್ನ ಗೆಳತಿ ಮಗನಿಗೆ ‘ಝಿಯಾಂಶ್’ ಎಂದು ಇಡುವವಳಿದ್ದಾಳೆ, ‘ಹೇಗುಂಟು, ನಿಜ ಹೇಳು’ ಎಂದು ಕೇಳಿದ್ದಾಳೆ. ನೀನು ‘ಸೂಪರ್’ ಎಂದು ಕಳಿಸಿ, ಈಗ ನನ್ನ ಹತ್ತಿರ ಗೊಣಗುತ್ತಿದ್ದೀ. ತೊಟ್ಟಿಲಿಗೆ ಹಾಕುವುದು ಬರುವ ಆದಿತ್ಯವಾರ ಅಲ್ಲವಾ? ಹಾಗಾದರೆ ಹೊತ್ತು ಮೀರಿಲ್ಲ. ಬಾಯಿಬಿಟ್ಟು ಕೇಳಿದವಳಿಗೆ ಹೇಳಲೇಬೇಕು. ಗ್ರೂಪಿನಲ್ಲಿ ಅಲ್ಲ ಮಾರಾಯ್ತಿ, ಫೋನ್ ಮಾಡಿ, ಅವಳೊಬ್ಬಳಿಗೇ.

‘ಜನ ನಗ್ತಾರೆ’ ಎಂದು ಮಾತ್ರ ಹೇಳಬೇಡ. ನಮ್ಮ ತುಳುನಾಡಿನಲ್ಲಿ ಹುಟ್ಟಿದ ವಾರ ನೋಡಿ ಹೆಸರಿಡುವುದಿತ್ತು. ಆದಿತ್ಯವಾರದವ ಐತ, ಶುಕ್ರವಾರದವ ತುಕ್ರ, ಶನಿವಾರದವ ತನಿಯ. ಶಾಲೆಯಲ್ಲಿ ನಗುತ್ತಾರೆಂದು ಮಕ್ಕಳ ಹೆಸರು ಬದಲಿಸಿದವರನ್ನು ನಾನೇ ಕಂಡಿದ್ದೇನೆ. ನಕ್ಕವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಹಾಗಾಗಿ ಮೊದಲು ನೀನೇ ಯೋಚಿಸು: ಆ ಹೆಸರಿನಿಂದ ಮಗುವಿಗೆ ತೊಂದರೆಯೋ, ಕೇಳಿ ಗೊತ್ತಿಲ್ಲವೆಂದು ನಿನ್ನ ಕಿವಿಗೆ ಕಿರಿಕಿರಿಯೋ? ಎರಡನೆಯದಾದರೆ ಸುಮ್ಮನಿರು.

ನನಗೆ ಕಾಣುವ ತೊಂದರೆ ಬೇರೆ. ಅವರ ಮನೆಯಲ್ಲಿ ತುಳು ಮಾತಾಡುವ ಅಜ್ಜಿ ಇದ್ದಾರೆ, ಅವರ ಬಾಯಲ್ಲಿ ಝಕಾರ ನಿಲ್ಲುವುದಿಲ್ಲ, ‘ಜಿಯಾಂಸ’ ಆಗುತ್ತದೆ. ಅದು ಹೋಗಲಿ, ಅಜ್ಜಿ ಕರೆದದ್ದೆಲ್ಲ ಚಂದವೇ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಝಡ್ ಹಾಕುತ್ತಾರೆ, ಇನ್ನೊಬ್ಬರು ಜೆ, ಮತ್ತೊಬ್ಬರು ಜೆ-ಎಚ್. 2023ರ ಅಕ್ಟೋಬರ್ 1ರ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಲೈಸೆನ್ಸಿಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ದಾಖಲೆ ಎಂದರೆ ಜನನ ಪ್ರಮಾಣಪತ್ರವೇ. ಅದರಲ್ಲೊಂದು ಆಧಾರಿನಲ್ಲೊಂದು ಅಕ್ಷರ ಬಂದರೆ ಅಪ್ಪ-ಅಮ್ಮ ಕಚೇರಿ ಅಲೆದದ್ದೇ ಬಂತು. ಅವಸರವೂ ಬೇಡ ಎಂದು ಹೇಳು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರನ್ನು 12 ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ.

ಅವಳು ಝ ಹಿಡಿದು ಕೂತದ್ದಕ್ಕೂ ಕಾರಣ ಉಂಟು. ಮಗುವಿನದು ಉತ್ತರಾಭಾದ್ರ, ಮೂರನೇ ಪಾದ ಎಂದೆಯಲ್ಲ? ಆ ನಕ್ಷತ್ರದ ನಾಲ್ಕು ಪಾದಕ್ಕೆ ಹೆಸರಿನ ಮೊದಲಕ್ಷರ ಎಂದು ಹೇಳಿದ್ದು ದು, ಥ, ಝ, ಞ. ಅದರಲ್ಲಿ ಅವನ ಪಾಲಿಗೆ ಬಂದದ್ದು ಝ. ಪಾಪ, ಅದರಲ್ಲಿ ಹುಡುಕಿದರೆ ಇನ್ನೆಂತ ಸಿಗುತ್ತದೆ? ಆದರೆ ನಾಮಕರಣದಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಬರೆಸುವುದು ಒಂದೇ ಹೆಸರಲ್ಲ. ಮಾಸನಾಮ, ನಕ್ಷತ್ರನಾಮ, ಕರೆಯುವ ಹೆಸರು ಎಲ್ಲ ಬೇರೆ ಬೇರೆ. ಝ ಜಾತಕದಲ್ಲಿ ಇರಲಿ, ಕರೆಯುವುದಕ್ಕೆ ಮನಸ್ಸಿಗೆ ಬಂದದ್ದನ್ನು ಇಡಬಹುದು. ಇದನ್ನು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ನಿನ್ನ ಅಭಿಪ್ರಾಯಕ್ಕಿಂತ ಇದೇ ಅವಳಿಗೆ ಉಪಯೋಗಕ್ಕೆ ಬಂದೀತು.

ಇಂಟರ್ನೆಟ್ಟಿನಲ್ಲಿ ‘ದೇವರ ಅಂಶ’ ಎಂದು ಅರ್ಥ ಕೊಟ್ಟಿದ್ದಾರಂತೆ. ಸಂಸ್ಕೃತ ಬಲ್ಲವರ ಹತ್ತಿರ ಒಮ್ಮೆ ಕೇಳಿ ನೋಡಲಿ.

ಇಷ್ಟನ್ನು ಒಂದೇ ಸಲ ಹೇಳು. ಮತ್ತೆ ಮತ್ತೆ ಕೆದಕಬೇಡ. ಅವಳು ಅದನ್ನೇ ಇಟ್ಟರೆ ಆದಿತ್ಯವಾರದಿಂದ ಆ ಹುಡುಗ ನಿನಗೂ ಝಿಯಾಂಶನೇ. ಉಳಿದ ಗೆಳತಿಯರ ಎದುರು ‘ಅದೆಂತದೋ ಝೀ’ ಎಂದು ನಗೆಯಾಡಿದ್ದು ನನ್ನ ಕಿವಿಗೆ ಬೀಳಬಾರದು.

ಉಡುಗೊರೆಗೆ ಬೆಳ್ಳಿ ಲೋಟ ಕೊಡುವುದಾದರೆ ಕೊಡು, ಹೆಸರು ಕೆತ್ತಿಸುವುದು ಸ್ಪೆಲ್ಲಿಂಗ್ ಗಟ್ಟಿಯಾದ ಮೇಲೆ.

ಇತಿ,
ನಿನ್ನ ದೊಡ್ಡಮ್ಮ