ಕಾಫಿ ತೋಟದ ಕಾರ್ಡ್ ಆಟ ಅಚ್ಚಾಯಿತು: ಕೈಹಿಡಿದವರಿಗೆಲ್ಲ ನಮಸ್ಕಾರ

ಮೊದಲ ಮುದ್ರಣದ ಕಟ್ಟುಗಳೆಲ್ಲ ಚಿಕ್ಕಮಗಳೂರಿನಿಂದ ಹೊರಟಿವೆ. ಅಚ್ಚಿನ ವಾರ ಹಾಳೆಗಳು ಕೈಕೊಟ್ಟು ನಾವು ಪಟ್ಟ ಪಾಡು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಅದನ್ನೆಲ್ಲ ಪೂರ್ತಿಯಾಗಿ ಮತ್ತೆ ಹೇಳುವುದಿಲ್ಲ. ಯಾರಿಂದ ಏನು ಬಂತು ಅನ್ನುವುದನ್ನು ಮಾತ್ರ ಬರೆದಿಡಬೇಕು.

ಆಟದ ಜೀವಾಳ ನೆರಳು. ಅರೇಬಿಕಾ ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಅತಿಯಾಗಿ ಬಿಸಿಲು ಬಿದ್ದರೆ ಬಿಳಿ ಕಾಂಡಕೊರಕ ಹುಳದ ಕಾಟ. ನೆರಳು ದಟ್ಟವಾಗಿ ಗಾಳಿಯಾಡದಿದ್ದರೆ ಮಳೆಗಾಲಕ್ಕೆ ಕೊಳೆರೋಗ. ಹಾಗಾಗಿ ಇಲ್ಲಿ ನೆರಳಿನ ಅಂಕ ಕೂಡಿಹಾಕಿದವರು ಗೆಲ್ಲುವುದಿಲ್ಲ, ಹದದಲ್ಲಿಟ್ಟವರು ಗೆಲ್ಲುತ್ತಾರೆ. ಹೂ ಅರಳಿಸುವ ಹೂಮಳೆಯ ಎಲೆ (ಕಾರ್ಡನ್ನು ಎಲೆ ಅನ್ನುತ್ತೇವೆ) ಬೀಳದೆ ಗಿಡ ಅರಳದು, ಹಿಂದೆಯೇ ಕಾಯಿ ಕಟ್ಟಿಸುವ ಬ್ಯಾಕಿಂಗ್ ಮಳೆ ಸಿಗದಿದ್ದರೆ ಕಾಯಿ ನಿಲ್ಲದು. 40 ಎಲೆಯ ಕಟ್ಟಿನಲ್ಲಿ ಹೂಮಳೆ 3 ಇಟ್ಟರೆ, ಮೊದಲ 5 ಎಲೆಯಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ. 34ರ ಹತ್ತಿರ, 2 ಇಟ್ಟರೆ ಶೇ. 24ಕ್ಕೆ ಇಳಿಯುತ್ತದೆ. ಕಾದು ಕೂರುವ ಆತಂಕವೂ ಇರಬೇಕು, ಆಟವೂ ಸಾಗಬೇಕು. ಅದಕ್ಕೇ 3ಕ್ಕೆ ನಿಲ್ಲಿಸಿದೆವು.

ಇನ್ನೊಂದು ಋಣ ದಶಾವತಾರ ಗಂಜೀಫಾ ಅನ್ನುವ ಹಳೆಯ ಎಲೆಯಾಟದ್ದು. ಅದರಲ್ಲಿ 10 ಬಣ್ಣ, ಬಣ್ಣಕ್ಕೆ 12ರಂತೆ 120 ಎಲೆ. ರಾಜ, ಮಂತ್ರಿಯ ಕೆಳಗೆ 5 ಬಣ್ಣಗಳಲ್ಲಿ ಹತ್ತರ ಎಲೆ ದೊಡ್ಡದು, ಉಳಿದ 5ರಲ್ಲಿ ಒಂದರ ಎಲೆಯೇ ದೊಡ್ಡದು. ನಮ್ಮಲ್ಲಿ ಮುಂಗಾರು ಶುರುವಾದೊಡನೆ ಅಂಕಗಳು ತಿರುವುಮುರುವಾಗುವುದಕ್ಕೆ ಇದೇ ಮೂಲ. ಕೈಯಲ್ಲಿ ಸಣ್ಣ ಎಲೆ ಹಿಡಿದವರಿಗೂ ಒಂದು ಕಾಲ ಬರುತ್ತದೆ ಅನ್ನುವ ಈ ಯೋಚನೆ ಎಷ್ಟು ಚೆಂದದ್ದು!

ಮೂಡಿಗೆರೆ, ಕೊಪ್ಪ ಕಡೆಯ ಬೆಳೆಗಾರರಿಗೆ, ಚಿತ್ರ ಬರೆದ ಗೆಳತಿಯರಿಗೆ, ಸೋತರೂ ಮತ್ತೆ ಮತ್ತೆ ಆಡಿ ನೋಡಿದ ಹುಡುಗರಿಗೆ, ಮುಂಗಡ ಕೊಟ್ಟು ತಾಳ್ಮೆಯಿಂದ ಕಾದ ಎಲ್ಲರಿಗೂ ಮನಸಾರೆ ವಂದನೆ.

ಇನ್ನು ಹಾಳೆ ಕತ್ತರಿಸಿ ಎಲೆ ಮಾಡಿಕೊಟ್ಟ ಕಟಿಂಗ್ ಅಣ್ಣ, ಹೆಸರು ಹಾಕಬೇಡಿ ಅಂದಿರಿ, ಹಾಕಿಲ್ಲ.

ಹಿಂಬದಿ ನೋಡಿ ಎಲೆ ಗುರುತು ಹಿಡಿಯುವಂತಾದರೆ ಮೇಲಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ. ಹೊರಗಡೆ ಅಚ್ಚಾಗಿ ಬಂದ ಹಾಳೆಗಳಲ್ಲಿ ಹಿಂದು ಮುಂದು 1 ಮಿ.ಮೀ. ಜರುಗಿತ್ತು. ಮುಂಬದಿಯ ಗುರುತಿಗೆ ಕತ್ತರಿಸಿದರೆ ಹಿಂಬದಿಯ 3 ಮಿ.ಮೀ. ಅಂಚುಪಟ್ಟಿ ಒಂದು ಕಡೆ 2, ಇನ್ನೊಂದು ಕಡೆ 4 ಆಗುತ್ತಿತ್ತು. ಆ ರಾತ್ರಿ ನಮಗೆ ದಿಕ್ಕೇ ತೋಚಲಿಲ್ಲ. ಇಷ್ಟು ಜನರ ದುಡ್ಡು, ಇಷ್ಟು ಜನರ ನಂಬಿಕೆ. ಅತ್ತಿದ್ದೂ ಉಂಟು.

ನೀವು ಹಾಳೆ ತಿರುವಿ ಹಾಕಿ, "ಮುಂದ್ಗಡೆ ಬಿಡಿ, ಹಿಂದ್ಗಡೆ ಗುರುತಿಗೇ ಹೊಡಿಯಾಣ" ಅಂದಿರಿ. ಮುಂಬದಿಯ ಚಿತ್ರ ಕತ್ತರಿಸುವ ಗೆರೆಯಾಚೆಗೆ 3 ಮಿ.ಮೀ. ಚಾಚಿರುವುದರಿಂದ ಅಲ್ಲಿ 1 ಮಿ.ಮೀ. ಸರಿದರೆ ಬಿಳಿ ಕಾಣುವುದಿಲ್ಲ. ಜರುಗಿದ ಅಳತೆ ನೋಡಿ ಹಾಳೆಗಳನ್ನು ವಿಂಗಡಿಸಿದಿರಿ. ಒಟ್ಟಿಲು ದಪ್ಪವಾದರೆ ಬ್ಲೇಡು ಹಾಳೆಯನ್ನು ಎಳೆದು, ಮೇಲಿನ ಎಲೆಗೂ ಕೆಳಗಿನದಕ್ಕೂ ಅಳತೆ ಬೇರೆಯಾಗುತ್ತದೆಂದು ಸಣ್ಣ ಸಣ್ಣ ಒಟ್ಟಿಲನ್ನೇ ಇಟ್ಟಿರಿ. ಪ್ರತಿ ಒಟ್ಟಿಲಿನ ಮೇಲಿನದೊಂದು, ತಳದ್ದೊಂದು ತೆಗೆದು, ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ, ಉಗುರಿನಿಂದ ಅಂಚು ಸವರಿ ನೋಡುತ್ತಿದ್ದಿರಿ. ಉಗುರಿಗೆ ತಡೆದರೆ ಆ ಒಟ್ಟಿಲು ಪಕ್ಕಕ್ಕೆ. ಮೂಲೆ ಉರುಟು ಮಾಡುವ ಅಚ್ಚು ಮೊಂಡಾಗಿ ಕಾಗದದ ನಾರು ಏಳುತ್ತಿದೆಯೆಂದು ಅದನ್ನೂ ಬದಲಿಸಿದಿರಿ. ಬೆಳಗಾಗುವವರೆಗೂ ಮನೆಗೆ ಹೋಗಲಿಲ್ಲ.

ಹೆಚ್ಚಿನ ಕೂಲಿ ಬೇಡ ಅಂದಿರಿ. ಅದನ್ನು ಮಾತ್ರ ನಾವು ಒಪ್ಪುವುದಿಲ್ಲ ಅಣ್ಣ. ರಾತ್ರಿಪಾಳಿಯ ಲೆಕ್ಕದಲ್ಲಿ ಅಂಗಡಿಗೆ ತಲುಪಿಸಿದ್ದೇವೆ, ಬೇಜಾರು ಮಾಡಿಕೊಳ್ಳದೆ ತೆಗೆದುಕೊಳ್ಳಿ. ಎರಡನೇ ಮುದ್ರಣದ ಹಿಂಬದಿಯಲ್ಲಿ ಅಂಚುಪಟ್ಟಿಯೇ ಇರುವುದಿಲ್ಲ. ನೀವು ಹೇಳಿದಂತೆ ಬಳ್ಳಿಯ ಚಿತ್ರವನ್ನು ಗೆರೆ ದಾಟಿಸಿ ಬಿಡಿಸುತ್ತಿದ್ದೇವೆ.