ಹಂಬನ್‌ತೋಟ: ಜಪ್ತಿಯಲ್ಲ, ಭೋಗ್ಯ

ಸರಸ್ವತಿಪುರಂ, ಮೈಸೂರು

ಗೆಳೆಯಾ,

‘ಶ್ರೀಲಂಕಾ ಸಾಲ ತೀರಿಸಲಿಲ್ಲ ಅಂತ ಚೀನಾ ಅಲ್ಲಿನ ಹಂಬನ್‌ತೋಟ ಬಂದರನ್ನೇ ಜಪ್ತಿ ಮಾಡಿಕೊಂಡಿತು’ ಅಂತ ಬರೆದಿದ್ದೀಯ. ಅದು ಜಪ್ತಿ ಅಲ್ಲ ಕಣೋ. ನಿಮ್ಮ ಮದ್ದೂರು ಕಡೆ ಗದ್ದೆ ಭೋಗ್ಯಕ್ಕೆ ಹಾಕ್ತಾರಲ್ಲ, ಅದಕ್ಕೆ ಹತ್ತಿರ.

ಲೆಕ್ಕ ನೋಡು. ಹಂಬನ್‌ತೋಟದ ಮೊದಲ ಹಂತಕ್ಕೆ 36.1 ಕೋಟಿ ಡಾಲರ್ ಖರ್ಚು. ಅದರಲ್ಲಿ ಶೇ. 85, ಅಂದರೆ 30.7 ಕೋಟಿ, ಚೀನಾದ ಸರ್ಕಾರಿ ಬ್ಯಾಂಕಾದ ಎಕ್ಸಿಮ್ ಬ್ಯಾಂಕ್ 2007ರಲ್ಲಿ ಕೊಟ್ಟ ಸಾಲ, ಬಡ್ಡಿ ಶೇ. 6.3. ಕಟ್ಟಿದ್ದೂ ಚೀನಾ ಕಂಪನಿಗಳೇ. ಇಂಥ ಸಾಲದಲ್ಲಿ ದುಡ್ಡು ಸಾಮಾನ್ಯವಾಗಿ ಸಾಲಗಾರನ ಖಜಾನೆಗೆ ಬರೋದೇ ಇಲ್ಲ. ಗುತ್ತಿಗೆದಾರ ಬಿಲ್ ಹಾಕ್ತಾನೆ, ಬ್ಯಾಂಕು ಅವನಿಗೇ ಪಾವತಿ ಮಾಡುತ್ತೆ. ದುಡ್ಡು ಅಲ್ಲೇ ಸುತ್ತುತ್ತೆ, ಕೊಲಂಬೋ ಪಾಲಿಗೆ ಬರೋದು ಕಂತು ಕಟ್ಟೋ ಹೊರೆ ಮಾತ್ರ, ಅದೂ ಡಾಲರಿನಲ್ಲಿ. ಬಂದರಿಗೆ ಹಡಗು ಬರಲಿ, ಬಿಡಲಿ.

2017ರಲ್ಲಿ ಚೀನಾದ ಸರ್ಕಾರಿ ಕಂಪನಿ ಚೈನಾ ಮರ್ಚೆಂಟ್ಸ್ 112 ಕೋಟಿ ಡಾಲರಿಗೆ ಬಂದರನ್ನು 99 ವರ್ಷದ ಗುತ್ತಿಗೆಗೆ ತಗೊಂಡಿತು. ಆ ಹಣದಿಂದ ಬಂದರಿನ ಸಾಲ ತೀರಲಿಲ್ಲ! ಹಣ ಹೋದದ್ದು ವಿದೇಶಿ ವಿನಿಮಯದ ಮೀಸಲಿಗೆ. ಆಗ ಕುತ್ತಿಗೆಗೆ ಬಂದಿದ್ದ ದೊಡ್ಡ ಹೊರೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡು ಮಾರಿ ಎತ್ತಿದ್ದ ಸಾಲದ್ದು. ಗದ್ದೆ ಭೋಗ್ಯಕ್ಕೆ ಹಾಕಿ ಆ ದುಡ್ಡಲ್ಲಿ ಬೇರೆಯವರ ಬಾಕಿ ಸಂಭಾಳಿಸಿದ ಹಾಗೆ. ಗದ್ದೆ ಮೇಲಿನ ಸಾಲ ಹಾಗೇ ಉಳೀತು.

ಹಿಡಿತ ಇರೋದು ಕಾಗದದಲ್ಲಿ. ಚೀನಾ ಬ್ಯಾಂಕುಗಳ ಎಷ್ಟೋ ಒಪ್ಪಂದಗಳ ಪ್ರಕಾರ ಷರತ್ತುಗಳನ್ನು ಬಹಿರಂಗ ಮಾಡಬಾರದು. ಸಾಲ ಕೊಟ್ಟ ಬೇರೆ ದೇಶಗಳ ಜೊತೆ ಕೂತು ಸಾಲ ಹೊಂದಿಸಿಕೊಳ್ಳುವಾಗ ಈ ಸಾಲವನ್ನು ಸೇರಿಸಬಾರದು. ಯೋಜನೆಯ ಆದಾಯ ಮೊದಲು ಬ್ಯಾಂಕಿನ ಕಣ್ಗಾವಲಿನ ಖಾತೆಗೆ ಬೀಳಬೇಕು. ಕೀನ್ಯಾದಲ್ಲಿ 2017ರಲ್ಲಿ ಚೀನಾ ಸಾಲದಲ್ಲಿ ಕಟ್ಟಿದ ಮೊಂಬಾಸಾ–ನೈರೋಬಿ ರೈಲು ಶುರುವಾಯಿತಲ್ಲ, ಅದಕ್ಕೆ ಇಂತಿಷ್ಟು ಸರಕು ಕೊಟ್ಟೇ ಕೊಡ್ತೀವಿ ಅಂತ ಬಂದರು ಪ್ರಾಧಿಕಾರ ಬರೆದುಕೊಟ್ಟಿತ್ತು. ಆಮೇಲೆ ಸರ್ಕಾರವೇ ಕಂಟೇನರುಗಳನ್ನು ರೈಲಿಗೆ ತಳ್ಳಿತು, ಮೊಂಬಾಸಾದ ಲಾರಿಯವರು ಬೀದಿಗಿಳಿದರು.

ಇನ್ನು ಯುವಾನ್ ವಾಂಗ್ 5 ಹಡಗಿನ ವಿಷಯ. 2022ರ ಏಪ್ರಿಲಿನಲ್ಲಿ ಶ್ರೀಲಂಕಾ ವಿದೇಶಿ ಸಾಲದ ಪಾವತಿ ನಿಲ್ಲಿಸಿತು. ಆಗಸ್ಟಿನಲ್ಲಿ ಚೀನಾದ ಈ ನಿಗಾ ಹಡಗು ಹಂಬನ್‌ತೋಟಕ್ಕೆ ಬರೋದಕ್ಕೆ ಭಾರತ ತಕರಾರು ತೆಗೀತು. ಮೊದಲು ಮುಂದೂಡಿ ಅಂದ ಶ್ರೀಲಂಕಾ ಸರ್ಕಾರ ಕೊನೆಗೆ ಬಿಟ್ಟುಕೊಂಡಿತು. ಅನುಮತಿ ಕೊಡೋ ಅಧಿಕಾರ ಗುತ್ತಿಗೆ ಕಂಪನಿಗಲ್ಲ, ಸರ್ಕಾರಕ್ಕೇ ಇತ್ತು. ಆದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ನೆರವು ಸಿಗಬೇಕಾದರೆ, ಸಾಲ ಹೊಂದಿಸಿಕೊಳ್ಳೋಕೆ ಸಿದ್ಧ ಅನ್ನೋ ಎಕ್ಸಿಮ್ ಬ್ಯಾಂಕಿನ ಒಪ್ಪಿಗೆಪತ್ರವೂ ಬೇಕಿತ್ತು. ಅದು ಬಂದು ನೆರವು ಮಂಜೂರಾದದ್ದು 2023ರ ಮಾರ್ಚಿನಲ್ಲಿ.

ನಿನ್ನವನೇ